ಮೂರು ಪಟ್ಟಿ, ಒಂದು ಹೆಜ್ಜೆ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸುಮಾರು ೩೫ ಕಿಲೋಮೀಟರುಗಳ ದಾರಿ. ತೆರಕಣಾಂಬಿಯ ಮೇಲೆ ಹಾಯ್ದು ಹೋಗುವ ಸರ್ಕಾರಿ ಬಸ್ಸಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆಯ ಪ್ರಯಾಣ. ನನ್ನ ಮನೆ ಆ ಊರಿನಲ್ಲಿ, ಕಾಲೇಜು ಈ ಊರಿನಲ್ಲಿ. ಆದುದರಿಂದ ದಿನಕ್ಕೆ ಎರಡು ಗಂಟೆಗಳ ಕಾಲ ಯಾರಿಗೂ ಪಾಠ ಹೇಳದೆ, ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ, ಕಿಟಕಿಯ ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ಸುಖ ನನ್ನ ಪಾಲಿಗೆ ಬಂದಿದೆ. ಮುಂಗಾರು ಹಿಡಿದು ಹೊಲಗಳಲ್ಲಿ ಸೂರ್ಯಕಾಂತಿಯೂ ಚೆಂಡುಹೂವೂ ಅರಳಿ ನಿಂತ ದಿನಗಳಲ್ಲಂತೂ ಈ ಸುಖಕ್ಕೆ ಸಂಬಳ ಕೊಡಬೇಕಾದವನು ನಾನೇ ಹೊರತು ಸರ್ಕಾರವಲ್ಲ ಎಂದು ನನಗೆ ಎಷ್ಟೋ ಸಾರಿ ಅನ್ನಿಸಿದೆ.

ಆ ಬಸ್ಸಿನ ಕಂಡಕ್ಟರು ಒಬ್ಬರಿದ್ದಾರೆ. ಅವರದು ಒಂದು ನಿಯಮ. ಪ್ರತಿ ನಿಲ್ದಾಣವನ್ನು ದಾಟಿದ ಮೇಲೂ ಮುಂದಿನಿಂದ ಹಿಂದಿನವರೆಗೆ ಒಮ್ಮೆ ತಲೆಗಳನ್ನು ಎಣಿಸುತ್ತಾರೆ. ಬಳಿಕ ಕೈಯಲ್ಲಿರುವ ಯಂತ್ರದಲ್ಲಿ ಟಿಕೆಟುಗಳನ್ನು ನೋಡುತ್ತಾರೆ. ಎರಡು ಲೆಕ್ಕವೂ ಕೂಡಿಬಂದರೆ ಸರಿ, ಬಾರದಿದ್ದರೆ ಬಸ್ಸನ್ನು ರಸ್ತೆಯ ಬದಿಗೆ ನಿಲ್ಲಿಸಿಬಿಡುತ್ತಾರೆ. “ಒಂದು ತಲೆ ಹೆಚ್ಚಾಗಿ ಬತ್ತಾದೆ, ಯಾರು ಟಿಕೆಟ್ ತಕ್ಕಂಡಿಲ್ಲ?” ಎಂದು ಅವರು ಕೂಗುವಾಗ, ಟಿಕೆಟು ಪಡೆದ ನಾವೂ ಕಳ್ಳರಂತೆ ಜೇಬು ತಡಕಿಕೊಳ್ಳುತ್ತೇವೆ. ೨೦೨೩ರ ಜೂನ್ ತಿಂಗಳಿನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಈ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೂ ಅವರಿಗೆ ಸೊನ್ನೆ ರೂಪಾಯಿಯ ಟಿಕೆಟೊಂದನ್ನು ಹರಿದು ಕೊಡಲೇಬೇಕು. ಕೊಡುವ ಹಣವಿಲ್ಲವೆಂದ ಮೇಲೆ ಚೀಟಿ ಏಕೆ ಎಂದು ಒಮ್ಮೆ ಅಜ್ಜಿಯೊಬ್ಬಳು ಕೇಳಿದ್ದಳು. “ನೀನು ಬಸ್ಸೊಳಗೆ ಇದ್ದೀಯ ಅಂತ ಲೆಕ್ಕಕ್ಕೆ ಗೊತ್ತಾಗಬೇಡ್ವೇನವ್ವ?” ಎಂದು ಕಂಡಕ್ಟರು ಉತ್ತರ ಕೊಟ್ಟರು.

ಅಂದು ನಾನು ನಕ್ಕು ಮರೆತುಬಿಟ್ಟೆ. ಆ ಮಾತಿನೊಳಗೆ ಒಂದು ಶಾಸ್ತ್ರವೇ ಅಡಗಿದೆಯೆಂಬುದು ತಿಳಿದದ್ದು ಕಳೆದ ವರ್ಷ, ನಾನೇ ಒಂದು ಲೆಕ್ಕದಲ್ಲಿ ಎಡವಿ ಬಿದ್ದ ಮೇಲೆ. ಆ ಪ್ರಸಂಗವನ್ನು ಓದುಗರಲ್ಲಿ ನಿವೇದಿಸಿಕೊಳ್ಳುವುದಷ್ಟೇ ಈ ಬರೆಹದ ಉದ್ದೇಶ.

ನಾನು ಓದಿದ್ದು ಕನ್ನಡ ಎಂ.ಎ. ಸಂಧಿಯನ್ನು ಬಿಡಿಸು ಎಂದರೆ ಬಿಡಿಸಿಯೇನು, ಷಟ್ಪದಿಗೆ ಪ್ರಸ್ತಾರ ಹಾಕು ಎಂದರೆ ಹಾಕಿಯೇನು. ಆದರೆ ಮೂವತ್ತೈದು ವರ್ಷ ದಾಟಿದವನಿಗೆ ಗಣಕಯಂತ್ರದ ಗೊಡವೆ ಏಕೆ ಬಂದಿತು ಎಂದು ನೀವು ಕೇಳಬಹುದು. ಬಂದದ್ದು ಸೋಮಾರಿತನದಿಂದ. ನನ್ನ ತರಗತಿಯಲ್ಲಿ ೬೨ ಮಂದಿ ವಿದ್ಯಾರ್ಥಿಗಳು. ಪ್ರತಿಯೊಬ್ಬರ ಕಿರುಪರೀಕ್ಷೆಯ ಅಂಕಗಳನ್ನು ಮೌಲ್ಯಮಾಪನದ ಪುಸ್ತಕದಿಂದ ಎತ್ತಿ, ಹಾಜರಿ ಪುಸ್ತಕದ ಹೆಸರಿನ ಮುಂದೆ ಬರೆದು, ಅದಕ್ಕೆ ನೋಂದಣಿ ಸಂಖ್ಯೆಯನ್ನು ಕೂಡಿಸಿ, ನಕಲು ಮಾಡಿ ಹಚ್ಚುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹಾಳಾಗುತ್ತಿತ್ತು. ನನ್ನ ಅಣ್ಣನ ಮಗ ಮೈಸೂರಿನಲ್ಲಿ ಗಣಕಶಾಸ್ತ್ರವನ್ನು ಓದುತ್ತಿರುವ ಹುಡುಗ. ರಜೆಗೆಂದು ಬಂದವನು ನನ್ನ ಈ ಪಾಡನ್ನು ನೋಡಿ ಮರುಗಿದ. “ಚಿಕ್ಕಪ್ಪ, ಇದೇನು ಈ ಕಾಲದಲ್ಲೂ! ಪೈಥಾನ್ ಕಲಿತುಕೊಳ್ಳಿ, ಒಂದು ನಿಮಿಷದ ಕೆಲಸ” ಎಂದ. ನಾನು ತೊಟ್ಟಿಲು ತೂಗಿದ ಕೂಸು ನನಗೆ ಗುರುವಾಗಿ ಕುಳಿತಿತು.

ಪೈಥಾನ್ ಎಂಬುದು ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಒಂದು ಭಾಷೆ. ಹಾಲೆಂಡಿನ ಗೀಡೊ ವಾನ್ ರಾಸಮ್ ಎಂಬವರು ಅದನ್ನು ರಚಿಸಿ ೧೯೯೧ರಲ್ಲಿ ಲೋಕಕ್ಕೆ ಕೊಟ್ಟರು. ಹೆಸರು ಕೇಳಿದರೆ ಹೆಬ್ಬಾವು ನೆನಪಿಗೆ ಬರುತ್ತದೆ. ಅದು ಬಂದದ್ದು ಮಾತ್ರ ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯಗಾರರ ತಂಡದ ಹೆಸರಿನಿಂದ. ಈ ಸಂಗತಿಯಿಂದಲೇ ನನಗೆ ಅರ್ಧ ಧೈರ್ಯ ಬಂದಿತು. ಹಾಸ್ಯದಿಂದ ಹೆಸರು ಪಡೆದ ಭಾಷೆ ಕನ್ನಡದ ಮೇಷ್ಟರನ್ನು ನುಂಗಲಾರದು ಎಂದುಕೊಂಡೆ.

ಮೊದಲ ಪಾಠ, ಪಟ್ಟಿ. ಹೆಸರುಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಚೌಕ ಕಂಸದೊಳಗೆ ಸಾಲಾಗಿ ಬರೆದರೆ ಅದೊಂದು ಪಟ್ಟಿ. ಎರಡನೆಯ ಪಾಠ, ಸುತ್ತು. ‘ಪಟ್ಟಿಯಲ್ಲಿರುವ ಒಂದೊಂದು ಹೆಸರನ್ನೂ ತೆಗೆದುಕೊಂಡು ಹೀಗೆ ಮಾಡು’ ಎಂದು ಆಜ್ಞೆ ಕೊಟ್ಟರೆ ಯಂತ್ರವು ಮೊದಲ ಹೆಸರನ್ನು ಕೈಗೆತ್ತಿಕೊಂಡು, ಹೇಳಿದ್ದನ್ನು ಮಾಡಿ, ಎರಡನೆಯದಕ್ಕೆ ಹೋಗುತ್ತದೆ. ಎರಡನೆಯದು ಮುಗಿದರೆ ಮೂರನೆಯದು. ನಾವು ಹಾಜರಿ ಕೂಗುವುದೂ ಹೀಗೆಯೇ ಅಲ್ಲವೆ? ಒಂದೇ ಪಟ್ಟಿಯಾದರೆ ಯಾವ ತೊಡಕೂ ಇಲ್ಲ. ಆದರೆ ನನ್ನಲ್ಲಿ ಇದ್ದುದು ಮೂರು: ನೋಂದಣಿ ಸಂಖ್ಯೆ ಒಂದು, ಹೆಸರು ಒಂದು, ಅಂಕ ಒಂದು. ಮೂರನ್ನೂ ಒಟ್ಟಿಗೆ ಸುತ್ತಬೇಕು.

ನಾನು ನನ್ನ ಸ್ವಂತ ಬುದ್ಧಿಯಿಂದ ಒಂದು ಉಪಾಯ ಹೂಡಿದೆ. ಅಭ್ಯಾಸಕ್ಕೆಂದು ಸದ್ಯಕ್ಕೆ ಎರಡೇ ಪಟ್ಟಿಗಳನ್ನು ಹಿಡಿದು, ಹೆಸರುಗಳ ಸುತ್ತಿನ ಹೊಟ್ಟೆಯೊಳಗೆ ಅಂಕಗಳ ಸುತ್ತನ್ನು ಇಟ್ಟೆ. ಯಂತ್ರವು ಕ್ಷಣಮಾತ್ರದಲ್ಲಿ ಕೆಲಸ ಮುಗಿಸಿತು. ನೋಡುತ್ತೇನೆ, ಪರದೆಯ ಮೇಲೆ ೩೮೪೪ ಸಾಲುಗಳು! ಮೊದಲನೆಯ ಹುಡುಗನಿಗೆ ೬೨ ಮಂದಿಯ ಅಂಕಗಳೂ ಸಂದಿದ್ದುವು, ಎರಡನೆಯವನಿಗೂ ಹಾಗೆಯೇ. ಸಾಮೂಹಿಕ ವಿವಾಹದಲ್ಲಿ ಪ್ರತಿಯೊಬ್ಬ ವರನೂ ಪ್ರತಿಯೊಬ್ಬ ವಧುವಿಗೂ ಮಾಲೆ ಹಾಕಿದಂತಾಗಿತ್ತು. ಇದು ಕಲಿಯಲು ತೊಡಗಿದವರೆಲ್ಲ ಮಾಡುವ ತಪ್ಪು ಎಂದು ಹುಡುಗ ಸಮಾಧಾನ ಹೇಳಿದ. ಸುತ್ತಿನೊಳಗೆ ಸುತ್ತನ್ನಿಟ್ಟರೆ ಗುಣಾಕಾರವಾಗುತ್ತದೆ. ನಮಗೆ ಬೇಕಾದುದು ಗುಣಾಕಾರವಲ್ಲ, ಜೋಡಣೆ.

ಎರಡನೆಯ ಉಪಾಯ, ಸ್ಥಾನವನ್ನು ಹಿಡಿದು ಕರೆಯುವುದು. ಹೆಸರುಗಳಲ್ಲಿ ಇಷ್ಟನೆಯದು, ಅಂಕಗಳಲ್ಲಿಯೂ ಇಷ್ಟನೆಯದು, ಎಂದು ಸಂಖ್ಯೆಯಿಂದ ಎರಡನ್ನೂ ಕೂಡಿಸುವುದು. ನಾನು ೧ರಿಂದ ೬೨ರವರೆಗೆ ಎಣಿಸೆಂದು ಬರೆದೆ. ಯಂತ್ರವು ಎರಡನೆಯ ವಿದ್ಯಾರ್ಥಿಯಿಂದ ಆರಂಭಿಸಿ, ಕೊನೆಯಲ್ಲಿ ‘ಅಂಥ ಸ್ಥಾನವೇ ಇಲ್ಲ’ ಎಂದು ಗೊಣಗಿ ನಿಂತುಬಿಟ್ಟಿತು. ಈ ಭಾಷೆಯಲ್ಲಿ ಎಣಿಕೆ ಆರಂಭವಾಗುವುದು ಸೊನ್ನೆಯಿಂದ; ಮೊದಲನೆಯವನು ಸೊನ್ನೆಯನೆಯವನು. ಮೊದಲನೆಯ ಹೆಸರೇ ಮಾಯವಾದುದು ನೋಡಿದೊಡನೆಯೇ ಕಣ್ಣಿಗೆ ಬಿದ್ದು ತಿದ್ದಿಕೊಂಡೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ನನ್ನ ಪರದಾಟವನ್ನು ಸಾಕಷ್ಟು ಆನಂದಿಸಿದ ಬಳಿಕ ಹುಡುಗ ಮೂರನೆಯ ಉಪಾಯವನ್ನು ತೋರಿಸಿದ. ತನ್ನ ಪ್ರಯಾಣದ ಚೀಲವನ್ನು ಎತ್ತಿ ಅದರ ಜಿಪ್ಪನ್ನು ಎಳೆದ. “ನೋಡಿ ಚಿಕ್ಕಪ್ಪ, ಈ ಕಡೆಯ ಒಂದು ಹಲ್ಲು, ಆ ಕಡೆಯ ಒಂದು ಹಲ್ಲು; ಎಳೆಯುತ್ತ ಹೋದಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಜ್ಞೆಯ ಹೆಸರೂ ಜಿಪ್ ಎಂದೇ.” ಪೈಥಾನಿನ ಎರಡನೆಯ ಆವೃತ್ತಿ ಹೊರಬಂದ ೨೦೦೦ದ ಇಸವಿಯಲ್ಲಿ ಈ ಆಜ್ಞೆ ಸೇರಿತಂತೆ. ಸಿಪಾಯಿಗಳು ಸಾಲುಸಾಲಾಗಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವಂತೆ ಪಟ್ಟಿಗಳು ಜೊತೆಯಾಗಿ ನಡೆಯುತ್ತವೆ. ಎರಡೇ ಆಗಬೇಕೆಂಬ ನಿರ್ಬಂಧವೂ ಇಲ್ಲ. ಮೂರಾದರೂ ಸರಿ, ಹತ್ತಾದರೂ ಸರಿ. ಒಂದೊಂದು ಹೆಜ್ಜೆಗೂ ಒಂದು ಸಂಖ್ಯೆ, ಒಂದು ಹೆಸರು, ಒಂದು ಅಂಕ ಕೈಕೈ ಹಿಡಿದು ಹೊರಬರುತ್ತವೆ. ಎರಡೇ ಸಾಲಿನ ಬರವಣಿಗೆ.

ನನಗೆ ಆದ ಸಂತೋಷವನ್ನು ಹೇಳಲಾರೆ. ಅದು ಹೊಸದನ್ನು ಕಂಡ ಸಂತೋಷವಲ್ಲ; ಪರವೂರಿನ ಸಂತೆಯಲ್ಲಿ ನಮ್ಮೂರಿನವನನ್ನು ಕಂಡ ಸಂತೋಷ. ಏಕೆಂದರೆ ಈ ಜಿಪ್ ಎಂಬುದನ್ನು ನಾನು ಹತ್ತು ವರ್ಷಗಳಿಂದ ಬೇರೆ ಹೆಸರಿನಲ್ಲಿ ಪಾಠ ಹೇಳುತ್ತಲೇ ಬಂದಿದ್ದೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಯಥಾಸಂಖ್ಯ ಎಂಬ ಅಲಂಕಾರವಿದೆ. ದಂಡಿಯ ‘ಕಾವ್ಯಾದರ್ಶ’ದಲ್ಲಿ ಇದಕ್ಕೆ ಕ್ರಮವೆಂದೂ ಸಂಖ್ಯಾನವೆಂದೂ ಹೆಸರುಗಳುಂಟು. ಮೊದಲು ಕೆಲವನ್ನು ಹೇಳಿ, ಅನಂತರ ಅದೇ ಕ್ರಮದಲ್ಲಿ ಅವುಗಳಿಗೆ ಸಂಬಂಧಪಟ್ಟವನ್ನು ಹೇಳುವುದು ಇದರ ಲಕ್ಷಣ. ‘ಹೊಲದಲ್ಲಿ, ಕೆರೆಯಲ್ಲಿ, ಬಾನಿನಲ್ಲಿ ಸೂರ್ಯಕಾಂತಿಯೂ ತಾವರೆಯೂ ಚಂದ್ರನೂ ಅರಳಿದುವು’ ಎಂದರೆ, ಸೂರ್ಯಕಾಂತಿ ಕೆರೆಯಲ್ಲಿ ಅರಳಿತೆಂದಾಗಲಿ ಚಂದ್ರ ಹೊಲದಲ್ಲಿ ಮೊಳೆತನೆಂದಾಗಲಿ ಯಾರೂ ತಿಳಿಯುವುದಿಲ್ಲ. ಒಂದನೆಯದಕ್ಕೆ ಒಂದನೆಯದು, ಎರಡನೆಯದಕ್ಕೆ ಎರಡನೆಯದು.

ಅಷ್ಟೇಕೆ, ಹೈಸ್ಕೂಲಿನ ಮಕ್ಕಳಿಗೂ ತಿಳಿದಿರುವ ಆದೇಶಸಂಧಿಯನ್ನೇ ನೋಡಿ. ಕ ತ ಪ ಗಳಿಗೆ ಗ ದ ಬ ಗಳು ಆದೇಶವಾಗಿ ಬರುತ್ತವೆ ಎನ್ನುತ್ತೇವೆ. ಯಾವುದಕ್ಕೆ ಯಾವುದು ಎಂದು ಬಿಡಿಸಿ ಹೇಳುವುದಿಲ್ಲ. ಸಾಲಿನಲ್ಲಿ ನಿಂತ ಕ್ರಮವೇ ಅದನ್ನು ಹೇಳುತ್ತದೆ. ಆದುದರಿಂದಲೇ ಮಳೆ ಕಾಲ ಕೂಡಿ ಮಳೆಗಾಲವಾಗುತ್ತದೆ, ಬೆಟ್ಟ ತಾವರೆ ಕೂಡಿ ಬೆಟ್ಟದಾವರೆಯಾಗುತ್ತದೆ, ಕಣ್ ಪನಿ ಕೂಡಿ ಕಂಬನಿಯಾಗುತ್ತದೆ. ಪಾಣಿನಿಯಂತೂ ಇದಕ್ಕೆಂದೇ ಒಂದು ಸೂತ್ರವನ್ನು ರಚಿಸಿಟ್ಟಿದ್ದಾನೆ. ‘ಅಷ್ಟಾಧ್ಯಾಯಿ’ಯ ೧ನೆಯ ಅಧ್ಯಾಯ, ೩ನೆಯ ಪಾದ, ೧೦ನೆಯ ಸೂತ್ರ. ಸಮಸಂಖ್ಯೆಯ ಪಟ್ಟಿಗಳು ಎದುರುಬದುರಾದಾಗ ಅವುಗಳ ಸಂಬಂಧವನ್ನು ಕ್ರಮವಾಗಿಯೇ ತಿಳಿಯಬೇಕು ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆದದ್ದು! ಇ ಉ ಋ ಌ ಗಳಿಗೆ ಯ ವ ರ ಲ ಗಳು ಬರುವ ಯಣ್‌ಸಂಧಿ ನಿಂತಿರುವುದೂ ಈ ಸೂತ್ರದ ಬಲದ ಮೇಲೆಯೇ. ಅಲ್ಲಿ ನಾಲ್ಕು, ಇಲ್ಲಿ ನಾಲ್ಕು.

ಮರುದಿನವೇ ಇದನ್ನು ತರಗತಿಯಲ್ಲಿ ಹೇಳಿ ಹೆಮ್ಮೆಪಟ್ಟುಕೊಂಡೆ. ಹುಡುಗರೂ ಆಸಕ್ತಿಯಿಂದಲೇ ಕೇಳಿದರು. ಅಣ್ಣನ ಮಗ ಮೈಸೂರಿಗೆ ಹೊರಟಾಗ ರೈಲುನಿಲ್ದಾಣದವರೆಗೂ ಹೋಗಿ ಬೀಳ್ಕೊಟ್ಟೆ. ಗಾಡಿ ಹೊರಡುವ ವೇಳೆಗೆ ಅವನು ಕಿಟಕಿಯಿಂದ ತಲೆ ಚಾಚಿ, “ಪಟ್ಟಿಗಳು ಸಮ ಇರಬೇಕು ಚಿಕ್ಕಪ್ಪ, ನೋಡಿಕೊಳ್ಳಿ” ಎಂದ. ಪಾಣಿನಿಯ ಸೂತ್ರವನ್ನೇ ಪಾಠ ಹೇಳಿದವನಿಗೆ ಇವನದೇನು ಉಪದೇಶ ಎಂದುಕೊಂಡು ಕೈ ಬೀಸಿದೆ.

ಆಗಸ್ಟ್ ತಿಂಗಳಿನಲ್ಲಿ ಮೊದಲ ಕಿರುಪರೀಕ್ಷೆ ನಡೆಯಿತು. ೨೦ ಅಂಕಗಳ ಪರೀಕ್ಷೆ. ಶುಕ್ರವಾರ ರಾತ್ರಿ ಅಂಕಗಳನ್ನು ಒಂದೊಂದಾಗಿ ಯಂತ್ರಕ್ಕೆ ಊಡಿಸಿದೆ; ಸಂಖ್ಯೆ, ಹೆಸರುಗಳು ಮೊದಲೇ ಸಿದ್ಧವಾಗಿದ್ದುವು. ಆಜ್ಞೆ ಕೊಟ್ಟೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಟ್ಟಿ ಸಿದ್ಧವಾಯಿತು. ಮೊದಲ ಹತ್ತು ಹೆಸರುಗಳನ್ನು ಪುಸ್ತಕದೊಡನೆ ತಾಳೆ ನೋಡಿದೆ, ಎಲ್ಲವೂ ಸರಿಯಾಗಿದ್ದುವು. ಶನಿವಾರ ಬೆಳಿಗ್ಗೆ ಅಚ್ಚು ತೆಗೆದು ಕಾಲೇಜಿನ ಸೂಚನಾಫಲಕಕ್ಕೆ ಹಚ್ಚಿ, ಉಳಿದ ಭಾನುವಾರದ ಲಾಭವನ್ನು ನೆನೆಯುತ್ತ ಬಸ್ಸು ಹತ್ತಿದೆ.

ಸೋಮವಾರ ಮಧ್ಯಾಹ್ನ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಬಂಡೀಪುರದ ಕಾಡಂಚಿನ ಒಂದು ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುವವಳು. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಕೇಳಿದರೆ ಉತ್ತರ ಹೇಳಿ, ಕೇಳದಿದ್ದರೆ ಸುಮ್ಮನಿರುವವಳು. ಕೈಯಲ್ಲಿ ಎರಡು ಪುಸ್ತಕಗಳಿದ್ದುವು. ಎರಡೂ ನಮ್ಮ ಗ್ರಂಥಾಲಯದವು.

“ಲೈಬ್ರರಿ ಬೀಗ ಹಾಕದೆ ಸಾ. ಇವನ್ನ ನಿಮ್ಮ ತಾವ ಕೊಟ್ಟೋಗಲಾ?” ಎಂದಳು.

ಅವಧಿ ಇನ್ನೂ ಮುಗಿದಿಲ್ಲವಲ್ಲ, ಇಟ್ಟುಕೊಂಡು ಓದಮ್ಮ, ಎಂದೆ. ಅವಳು ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೆಲವನ್ನು ನೋಡುತ್ತ ಕೇಳಿದಳು:

“ನನ್ನ ಹೆಸರ ತೆಗ್ದುಬುಟ್ರಾ, ಸಾ?”

ನನಗೆ ಅರ್ಥವಾಗಲಿಲ್ಲ. ಕೂರಿಸಿ ಕೇಳಿದಾಗ ವಿಷಯ ಹೊರಬಿದ್ದಿತು. ಶನಿವಾರ ಸೂಚನಾಫಲಕದ ಮುಂದೆ ಎಲ್ಲರೊಡನೆ ಅವಳೂ ನಿಂತಿದ್ದಾಳೆ. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಮೂರು ಬಾರಿ ಓದಿದ್ದಾಳೆ. ಅವಳ ಹೆಸರಿಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರುಗಳು ಪ್ರವೇಶ ಪಡೆದ ಕ್ರಮದಲ್ಲಿ ಇರುತ್ತವೆ. ಅವಳದು ೬೨ನೆಯದು, ಕಟ್ಟಕಡೆಯದು. ಶುಲ್ಕದ ಹಣ ಹೊಂದಿಸುವುದು ತಡವಾಗಿ, ಗಡುವಿನ ಕೊನೆಯ ದಿನ ಸೇರಿದವಳು. ಎಲ್ಲರಿಗಿಂತ ಕಡೆಯಲ್ಲಿ ಸೇರಿಸಿಕೊಂಡವಳನ್ನು ಯಾವುದೋ ಬಾಕಿಗಾಗಿ ಎಲ್ಲರಿಗಿಂತ ಮೊದಲು ತೆಗೆದುಹಾಕಿದ್ದಾರೆ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು. ಮನೆಯಲ್ಲಿ ಹೇಳಿದಾಗ ತಂದೆ ಒಂದು ಗಳಿಗೆ ಸುಮ್ಮನಿದ್ದು, “ಆಯ್ತು ಬುಡವ್ವ, ಹೂ ಬಿಡ್ಸಾಕೆ ಆಳು ಸಾಲ್ದು” ಎಂದನಂತೆ. ಓಣಂ ಹಬ್ಬಕ್ಕೆಂದು ಚೆಂಡುಹೂವು ಕೇರಳಕ್ಕೆ ಹೋಗುವ ದಿನಗಳು ಅವು. ಭಾನುವಾರ ಅವಳು ಹೂ ಬಿಡಿಸಿ ಕೂಲಿಯನ್ನೂ ಪಡೆದಿದ್ದಳು. ಸೋಮವಾರ ಬಂದದ್ದು ಪಾಠಕ್ಕಲ್ಲ. ಕಾಲೇಜಿನ ಪುಸ್ತಕಗಳು ಮನೆಯಲ್ಲಿ ಉಳಿದರೆ ಕಳ್ಳತನವಾದೀತು, ಹಿಂದಿರುಗಿಸಿ ಬರೋಣ ಎಂದು.

ನಾನು ಏನು ಹೇಳಿದೆನೋ ನೆನಪಿಲ್ಲ. ಅವಳನ್ನು ಅಲ್ಲಿಯೇ ಕೂರಿಸಿ ಮೌಲ್ಯಮಾಪನದ ಪುಸ್ತಕವನ್ನು ತೆರೆದೆ. ೬೨ನೆಯ ಸಂಖ್ಯೆಯ ಮುಂದೆ ೧೪ ಅಂಕ ಎಂದು ನನ್ನ ಕೈಬರೆಹದಲ್ಲಿಯೇ ಇದೆ. ಸೂಚನಾಫಲಕದ ಪಟ್ಟಿಯನ್ನು ಕಿತ್ತು ತಂದು ನೋಡಿದರೆ ಆ ೧೪ ಅಂಕ ೬೧ನೆಯವಳ ಮುಂದೆ ಕುಳಿತಿದೆ. ೬೧ನೆಯವಳದು ೬೦ನೆಯವನಿಗೆ ಹೋಗಿದೆ. ಹೀಗೆ ಮೇಲೇರುತ್ತ ಹೋದರೆ ೧೭ನೆಯ ಸಂಖ್ಯೆಯಲ್ಲಿ ರೋಗದ ಮೂಲ ಸಿಕ್ಕಿತು. ೧೭ನೆಯ ಹುಡುಗ ಪರೀಕ್ಷೆಯ ದಿನ ಬಂದಿರಲಿಲ್ಲ. ಪುಸ್ತಕದಲ್ಲಿ ಅವನ ಮುಂದೆ ಒಂದು ಅಡ್ಡಗೀಟು ಎಳೆದಿದ್ದೆ. ಯಂತ್ರಕ್ಕೆ ಅಂಕಗಳನ್ನು ಊಡಿಸುವಾಗ ಆ ಗೀಟನ್ನು ಏನೂ ಇಲ್ಲವೆಂದು ಬಗೆದು ದಾಟಿಬಿಟ್ಟೆ. ಸಂಖ್ಯೆಗಳು ೬೨, ಹೆಸರುಗಳು ೬೨, ಅಂಕಗಳು ಮಾತ್ರ ೬೧. ೧೭ರಿಂದ ಮುಂದಕ್ಕೆ ಪ್ರತಿಯೊಬ್ಬರಿಗೂ ತಮ್ಮ ಹಿಂದೆ ನಿಂತವರ ಅಂಕ ಸಂದಿತು. ೬೨ನೆಯವಳ ಸರದಿ ಬಂದಾಗ ಅಂಕಗಳು ತೀರಿಹೋಗಿದ್ದುವು. ಆಗ ಯಂತ್ರ ಏನು ಮಾಡಿತು? ಏನೂ ಮಾಡಲಿಲ್ಲ. ಜಿಪ್ ಎಂಬ ಆಜ್ಞೆಯ ಸ್ವಭಾವವೇ ಅದು: ಎಲ್ಲಕ್ಕಿಂತ ಚಿಕ್ಕ ಪಟ್ಟಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ನಿಲ್ಲುವುದು. ತಪ್ಪಾಯಿತೆಂದು ಹೇಳುವುದಿಲ್ಲ, ಯಾರೋ ಉಳಿದರೆಂದು ಸೂಚಿಸುವುದಿಲ್ಲ. ನಾನು ಒಲ್ಲೆನೆಂದು ಬಿಟ್ಟ ಎರಡನೆಯ ಉಪಾಯ, ಆ ಸ್ಥಾನ ಹಿಡಿದು ಕರೆಯುವ ಹಳೆಯ ರೀತಿಯಾದರೂ ‘ಅಂಥ ಸ್ಥಾನವೇ ಇಲ್ಲ’ ಎಂದು ಗೊಣಗುತ್ತಿತ್ತು. ನಾನು ಆರಿಸಿಕೊಂಡ ನಯವಾದ ರೀತಿ ನಯವಾಗಿಯೇ ಸುಮ್ಮನಾಯಿತು.

ಕ ತ ಪ ಗಳ ಎದುರಿನ ಸಾಲಿನಲ್ಲಿ ಗಕಾರವೊಂದು ಬಿದ್ದುಹೋದರೆ ಏನಾಗುತ್ತಿತ್ತೆಂದು ಅಂದು ರಾತ್ರಿ ಯೋಚಿಸಿದೆ. ಕಕಾರಕ್ಕೆ ದಕಾರ ಬಂದು ಮಳೆಗಾಲವು ಮಳೆದಾಲವಾಗುತ್ತಿತ್ತು. ತಕಾರಕ್ಕೆ ಬಕಾರ ಬಂದು ಬೆಟ್ಟದಾವರೆ ಬೆಟ್ಟಬಾವರೆಯಾಗುತ್ತಿತ್ತು. ಇವೆರಡನ್ನೂ ಕಿವಿ ಕೇಳಿದೊಡನೆ ತಪ್ಪೆನ್ನುತ್ತದೆ. ಆದರೆ ಪಕಾರಕ್ಕೆ ಏನೂ ಉಳಿಯದೆ, ಕಂಬನಿ ಎಂಬ ಮಾತೇ ಹುಟ್ಟುತ್ತಿರಲಿಲ್ಲ. ಹುಟ್ಟದ ಮಾತನ್ನು ತಪ್ಪೆಂದು ಹೇಳುವವರು ಯಾರು? ಮೊದಲನೆಯವನು ಕಾಣೆಯಾದರೆ ಅಂದು ನನಗೆ ಆದಂತೆ ನೋಡಿದೊಡನೆ ತಿಳಿಯುತ್ತದೆ. ಕೊನೆಯವರು ಕಾಣೆಯಾದರೆ, ಅವರೇ ಬಂದು ಹೇಳುವವರೆಗೆ ತಿಳಿಯುವುದಿಲ್ಲ. ಕೊನೆಯವರೋ, ಹೆಚ್ಚಾಗಿ ಬಂದು ಹೇಳುವ ಜನವಲ್ಲ. ಪುಸ್ತಕವನ್ನು ಹಿಂದಿರುಗಿಸಿ ಹೋಗುವ ಜನ.

ಪಾಣಿನಿಯ ಸೂತ್ರದಲ್ಲಿ ‘ಸಮಸಂಖ್ಯೆಯ’ ಎಂಬ ಮಾತು ಇದ್ದೇ ಇತ್ತು. ಸಂಖ್ಯೆ ಸಮವಾಗಿದ್ದರೆ ಮಾತ್ರ ಕ್ರಮ. ಇಲ್ಲದಿದ್ದರೆ ಆ ಸೂತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಅಷ್ಟು ಜಿಪುಣತನದಿಂದ ಅಕ್ಷರಗಳನ್ನು ಬಳಸಿದ ಆ ಮಹಾನುಭಾವ ಅದೊಂದು ಮಾತನ್ನು ಬಿಡದೆ ಏಕೆ ಇಟ್ಟನೆಂಬುದನ್ನು ಹತ್ತು ವರ್ಷ ಪಾಠ ಹೇಳಿದ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ರಾತ್ರಿ ಅಣ್ಣನ ಮಗನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ; ಅದಕ್ಕಾಗಿ ಇಂದಿಗೂ ಕೃತಜ್ಞನಾಗಿದ್ದೇನೆ. ಈ ದೋಷ ಎಷ್ಟೋ ಮಂದಿಯನ್ನು ಕಾಡಿದ ಕಾರಣ, ೨೦೨೧ರಲ್ಲಿ ಬಂದ ೩.೧೦ ಎಂಬ ಆವೃತ್ತಿಯಿಂದ ಜಿಪ್ ಆಜ್ಞೆಗೆ ‘ಸ್ಟ್ರಿಕ್ಟ್’ ಎಂಬ ಒಂದು ಷರತ್ತನ್ನು ಸೇರಿಸಬಹುದೆಂದು ಹೇಳಿದ. ಆ ಷರತ್ತನ್ನು ಹಾಕಿದರೆ, ಪಟ್ಟಿಗಳು ಸಮವಾಗಿಲ್ಲದಿದ್ದಾಗ ಯಂತ್ರವು ಕೂಗಿ ಕೆಲಸವನ್ನು ನಿಲ್ಲಿಸುತ್ತದೆ. ಹಾಕದಿದ್ದರೆ ಹಳೆಯ ಮೌನವೇ. ಮತ್ತೊಂದು ಉಪಾಯವೂ ಉಂಟು: ಅತಿ ಉದ್ದದ ಪಟ್ಟಿ ಮುಗಿಯುವವರೆಗೂ ನಡೆದು, ಇಲ್ಲದವುಗಳ ಜಾಗದಲ್ಲಿ ನಾವು ಹೇಳಿದ ಗುರುತನ್ನು ತುಂಬುವ ‘ಜಿಪ್ ಲಾಂಗೆಸ್ಟ್’ ಎಂಬ ಆಜ್ಞೆ. ಅದನ್ನು ಬಳಸಿದ್ದರೆ ಮಧ್ಯದ ತಪ್ಪು ಹಾಗೆಯೇ ಉಳಿಯುತ್ತಿತ್ತು. ಆದರೆ ಹುಡುಗಿಯ ಹೆಸರಾದರೂ ಪಟ್ಟಿಯಲ್ಲಿ ಇರುತ್ತಿತ್ತು.

“ಆದರೂ ಚಿಕ್ಕಪ್ಪ, ಎಣಿಕೆ ಸಮವಾದರೆ ಎಲ್ಲವೂ ಸರಿ ಎಂದುಕೊಳ್ಳಬೇಡಿ” ಎಂದ. ಒಂದು ಅಂಕವನ್ನು ಬಿಟ್ಟು, ಇನ್ನೊಂದನ್ನು ಕೈತಪ್ಪಿ ಎರಡು ಸಾರಿ ಬರೆದರೆ, ೬೨ಕ್ಕೆ ೬೨ ಸರಿಹೋಗುತ್ತದೆ. ಯಂತ್ರವೂ ಸೈ ಎನ್ನುತ್ತದೆ. ನಡುವಿನ ಮಂದಿಯ ಅಂಕಗಳೆಲ್ಲ ಅದಲುಬದಲಾಗಿರುತ್ತವೆ. ಹಾಗಾದರೆ ಗತಿ? ಮೊದಲಿನಿಂದಲೇ ಬೇರೆ ಬೇರೆ ಪಟ್ಟಿಗಳನ್ನು ಇಡದಿರುವುದು. ಒಬ್ಬೊಬ್ಬರ ನೋಂದಣಿ ಸಂಖ್ಯೆಯ ಜೊತೆಯಲ್ಲಿಯೇ ಅವರ ಹೆಸರನ್ನೂ ಅಂಕವನ್ನೂ ಬರೆದಿಡುವುದು. ಪೈಥಾನಿನಲ್ಲಿ ಅದಕ್ಕೆಂದು ಇರುವ ವಸ್ತುವಿನ ಹೆಸರು ಡಿಕ್ಷನರಿ, ಅಂದರೆ ನಿಘಂಟು. ಈ ಮಾತು ಕೇಳಿ ನನಗೆ ಮತ್ತೊಮ್ಮೆ ನಮ್ಮೂರಿನವನನ್ನು ಕಂಡಂತಾಯಿತು. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಶಬ್ದಗಳು ಒಂದು ಸಂಪುಟ, ಅರ್ಥಗಳು ಇನ್ನೊಂದು ಸಂಪುಟ ಎಂದು ಬೇರೆ ಬೇರೆ ಇದ್ದು, ನಡುವೆ ಒಂದೇ ಒಂದು ಸಾಲು ಗೆದ್ದಲಿನ ಪಾಲಾಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು! ಅವರು ಪ್ರತಿ ಶಬ್ದದ ಪಕ್ಕದಲ್ಲಿಯೇ ಅರ್ಥವನ್ನು ಕೂರಿಸಿದರು. ಒಂದು ಸಾಲು ನಷ್ಟವಾದರೆ ಒಂದು ಶಬ್ದ ನಷ್ಟವಾಗುತ್ತದೆ. ಉಳಿದವು ತಮ್ಮ ತಮ್ಮ ಅರ್ಥಗಳೊಡನೆ ಕ್ಷೇಮವಾಗಿರುತ್ತವೆ.

ಮರುದಿನ ತಿದ್ದಿದ ಪಟ್ಟಿಯೊಡನೆ ತರಗತಿಗೆ ಹೋದೆ. ನನ್ನ ತಪ್ಪನ್ನು ಕಪ್ಪುಹಲಗೆಯ ಮೇಲೆ ಬರೆದೇ ವಿವರಿಸಿದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ: “೧೭ರಿಂದ ೬೧ರವರೆಗೆ ೪೫ ಮಂದಿ ಬೇರೆಯವರ ಅಂಕಗಳನ್ನು ಮೂರು ದಿನ ಇಟ್ಟುಕೊಂಡಿದ್ದಿರಿ. ಒಬ್ಬರಾದರೂ ಏಕೆ ಬಂದು ಹೇಳಲಿಲ್ಲ?” ಯಾರೂ ಮಾತನಾಡಲಿಲ್ಲ. ಕಡಿಮೆ ಬಂದವರು ಮೇಷ್ಟರು ಬಿಗಿ ಎಂದುಕೊಂಡಿದ್ದರು, ಹೆಚ್ಚು ಬಂದವರು ಮೇಷ್ಟರು ಒಳ್ಳೆಯವರು ಎಂದುಕೊಂಡಿದ್ದರು; ಅಷ್ಟೆ. ಕೊನೆಗೆ ೧೭ನೆಯವನು ಎದ್ದು ನಿಂತ. “ನಾನು ಪರೀಕ್ಷೆಗೇ ಬಂದಿರಲಿಲ್ಲ ಸಾರ್. ೧೨ ಅಂಕ ಬಂದಿತ್ತು. ನೀವು ಕರುಣೆಯಿಂದ ಕೊಟ್ಟಿರಬೇಕು ಎಂದುಕೊಂಡೆ” ಎಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಕೊನೆಯ ಬೆಂಚಿನ ಹುಡುಗಿಯೂ ನಕ್ಕಳು. ಅದನ್ನು ನಾನು ವಿಶೇಷವಾಗಿ ಗಮನಿಸಿದೆ.

ಹೊಸ ಪಟ್ಟಿಯಲ್ಲಿ ೧೭ನೆಯ ಹೆಸರಿನ ಮುಂದೆ ‘ಗೈರು’ ಎಂದು ಬರೆದಿದೆ. ಅಂಕವಿಲ್ಲದವನಿಗೂ ಒಂದು ಜಾಗ ಬೇಕು. ಅವನ ಜಾಗವನ್ನು ಅಳಿಸಿದರೆ ಅವನ ಹಿಂದೆ ನಿಂತವರೆಲ್ಲ ಒಂದು ಹೆಜ್ಜೆ ಮುಂದೆ ಸರಿಯುತ್ತಾರೆ, ಕಡೆಯಲ್ಲಿದ್ದವರು ಹೊಸ್ತಿಲಿನಿಂದ ಆಚೆಗೆ ಬೀಳುತ್ತಾರೆ. ಕಂಡಕ್ಟರು ಅಜ್ಜಿಗೆ ಹರಿದುಕೊಟ್ಟ ಸೊನ್ನೆ ರೂಪಾಯಿಯ ಟಿಕೆಟಿನ ಅರ್ಥ ನನಗೆ ಅಂದು ಆಯಿತು.

ಆ ಹುಡುಗಿ ಈಗ ಮುಂದಿನ ವರ್ಷದ ತರಗತಿಯಲ್ಲಿ ಓದುತ್ತಿದ್ದಾಳೆ. ಅಂದಿನ ಎರಡು ಪುಸ್ತಕಗಳನ್ನು ಅವಧಿ ಮುಗಿದ ಮೇಲೆ ಹಿಂದಿರುಗಿಸಿ ಬೇರೆ ಎರಡನ್ನು ತೆಗೆದುಕೊಂಡು ಹೋದಳು. ನಾನು ಇಂದಿಗೂ ಯಂತ್ರದಿಂದಲೇ ಪಟ್ಟಿಯನ್ನು ಸಿದ್ಧಪಡಿಸುತ್ತೇನೆ. ‘ಸ್ಟ್ರಿಕ್ಟ್’ ಎಂಬ ಷರತ್ತನ್ನು ಮರೆಯುವುದಿಲ್ಲ. ಆದರೂ ಅಚ್ಚಾದ ಹಾಳೆ ಕೈಗೆ ಬಂದೊಡನೆ ಮೊದಲ ಹತ್ತು ಹೆಸರುಗಳನ್ನು ನೋಡುವ ಅಭ್ಯಾಸವನ್ನು ಬಿಟ್ಟಿದ್ದೇನೆ. ಈಗ ಕೆಳಗಿನಿಂದ ಓದುತ್ತೇನೆ. ಕೊನೆಯ ಹೆಸರು ಇದೆಯೇ, ಅದರ ಮುಂದಿರುವುದು ಅದರದೇ ಅಂಕವೇ ಎಂದು ಪುಸ್ತಕದೊಡನೆ ತಾಳೆ ನೋಡಿ, ಆಮೇಲೆ ಮೇಲಕ್ಕೆ ಹೋಗುತ್ತೇನೆ.

ಮೊನ್ನೆ ಸಂಜೆ ತೆರಕಣಾಂಬಿಯನ್ನು ದಾಟಿದ ಮೇಲೆ ಬಸ್ಸು ಮತ್ತೆ ರಸ್ತೆಯ ಬದಿಗೆ ನಿಂತಿತು. ತಲೆಗೂ ಟಿಕೆಟಿಗೂ ಲೆಕ್ಕ ಕೂಡಲಿಲ್ಲವಂತೆ. ಮುಂದೆ ಕುಳಿತವರೊಬ್ಬರು, ಒಂದು ಟಿಕೆಟಿಗಾಗಿ ಎಲ್ಲರಿಗೂ ಹೊತ್ತಾಗಬೇಕೇ ಎಂದು ರೇಗಿದರು. ಕಂಡಕ್ಟರು ಉತ್ತರ ಹೇಳದೆ ಹಿಂದಿನ ಸೀಟಿನವರೆಗೆ ನಡೆದುಹೋಗಿ ಮತ್ತೆ ಮೊದಲಿನಿಂದ ಎಣಿಸತೊಡಗಿದರು. ನಾನು ಕಿಟಕಿಯ ಹೊರಗೆ ನೋಡುತ್ತ, ಹೊತ್ತಾಗಲಿ, ಎಣಿಸಿ ಮುಗಿಸಲಿ ಎಂದು ಕಾದು ಕುಳಿತೆ.